ಹುಲ್ಲು ಸತ್ತಿತು, ಔಷಧಿ ಎಲ್ಲಿ ಹೋಯಿತು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಕಳೆನಾಶಕದ ವಿಷಯವೇ. ಶಿರಸಿಯ ತೋಟದವರು, ಕುಮಟಾ, ಅಂಕೋಲಾದ ಗದ್ದೆಯವರು, ಬನವಾಸಿ ಕಡೆ ಗೋವಿನಜೋಳ ಬೆಳೆಯುವವರು ಎಲ್ಲರೂ ಸುತ್ತಿ ಬಳಸಿ ಕೇಳಿರುವುದು ಒಂದನ್ನೇ. ಹೊಡೆದ ಔಷಧಿ ಮಣ್ಣಿನಲ್ಲಿ ಎಷ್ಟು ದಿನ ಇರುತ್ತದೆ? ಒಂದು ಅಂಕಿ ಹೇಳಿ ಮುಗಿಸುವ ಹಾಗಿಲ್ಲ. ಯಾವ ಔಷಧಿ, ಎಂಥ ಮಣ್ಣು, ಮುಂದೆ ಆ ನೆಲದಲ್ಲಿ ಏನು ಹಾಕುತ್ತೀರಿ, ಈ ಮೂರೂ ಗೊತ್ತಾದ ಮೇಲೆಯೇ ಉತ್ತರ. ಪತ್ರಗಳನ್ನು ಚಿಕ್ಕದು ಮಾಡಿ, ಊರಿನ ಹೆಸರಷ್ಟೇ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಅಡಿಕೆ ತೋಟಕ್ಕೆ ವರ್ಷಕ್ಕೆ ಎರಡು ಸಲ ಗ್ಲೈಫೋಸೇಟ್ ಹೊಡೆಸುತ್ತೇವೆ. ಆಳು ಸಿಗುವುದಿಲ್ಲ, ಬೇರೆ ದಾರಿ ಇಲ್ಲ. ಎರಡು ತಿಂಗಳಿಗೆ ಹುಲ್ಲು ಮತ್ತೆ ಏಳುತ್ತದೆ. ಅಂದರೆ ಔಷಧಿ ಮಣ್ಣಿನಿಂದ ಹೋಗಿದೆ ಅಂತಲೇ ಅಲ್ವಾ? ಅಂಗಡಿಯವರೂ ಮಣ್ಣಿಗೆ ಬಿದ್ದ ಕೂಡಲೇ ಅದರ ಕೆಲಸ ಮುಗಿಯಿತು ಎನ್ನುತ್ತಾರೆ. (ಶಿರಸಿ)

ಉತ್ತರ: ಇಲ್ಲ, ಹುಲ್ಲು ಮತ್ತೆ ಬಂದಿದ್ದಕ್ಕೂ ಔಷಧಿ ಹೋಗಿದ್ದಕ್ಕೂ ಸಂಬಂಧವಿಲ್ಲ. ಗ್ಲೈಫೋಸೇಟ್ ಒಳಹೋಗುವುದು ಹಸಿರು ಎಲೆಯಿಂದ. ಎಲೆಗೆ ಬಿದ್ದದ್ದು ಗಿಡದೊಳಗೇ ಬೇರಿನವರೆಗೆ ಇಳಿಯುತ್ತದೆ, ಗಿಡ ತನಗೆ ಬೇಕಾದ ಕೆಲವು ಅಮೈನೋ ಆಮ್ಲಗಳನ್ನು ತಯಾರಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಹತ್ತು ಹದಿನೈದು ದಿನಕ್ಕೆ ಹುಲ್ಲು ಹಳದಿಯಾಗಿ ಒಣಗುತ್ತದೆ. ಮಣ್ಣಿಗೆ ಬಿದ್ದ ಪಾಲು ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಂಟಿದ್ದು ಬೇರಿಗೆ ಸಿಗುವುದಿಲ್ಲ. ಹಾಗಾಗಿ ನೆಲದಲ್ಲಿದ್ದ ಬೀಜ ಸಲೀಸಾಗಿ ಮೊಳೆಯುತ್ತದೆ. ಅಂಗಡಿಯವರು ಹೇಳಿದ್ದು ಅರ್ಧ ಸರಿ. ಅದರ ಕೆಲಸ ನಿಲ್ಲುತ್ತದೆ, ಆದರೆ ವಸ್ತು ಅಲ್ಲೇ ಇರುತ್ತದೆ.

ಎಷ್ಟು ದಿನ ಇರುತ್ತದೆ ಎಂದರೆ, ಹಾಕಿದ್ದರಲ್ಲಿ ಅರ್ಧ ಒಡೆದು ಹೋಗಲು ಬೇಕಾಗುವ ಕಾಲಕ್ಕೆ ಅರ್ಧಾಯು ಎನ್ನುತ್ತಾರೆ. ಗ್ಲೈಫೋಸೇಟಿಗೆ ಸಾಮಾನ್ಯವಾಗಿ ಕೊಡುವ ಅಂಕಿ 47 ದಿನ. ಮಣ್ಣು ನೋಡಿಕೊಂಡು ಇದು ಕೆಲವೇ ದಿನಗಳಿಂದ ಹಿಡಿದು ಆರು ತಿಂಗಳವರೆಗೂ ಹಿಗ್ಗುತ್ತದೆ. ಇಲ್ಲಿ ಬಹಳ ಜನ ಲೆಕ್ಕ ತಪ್ಪುತ್ತಾರೆ. 47 ದಿನಕ್ಕೆ ಅರ್ಧ ಹೋದರೆ 94 ದಿನಕ್ಕೆ ಪೂರ್ತಿ ಖಾಲಿ ಎಂದುಕೊಳ್ಳುತ್ತಾರೆ. ಹಾಗಲ್ಲ. ಉಳಿದ ಅರ್ಧದಲ್ಲಿ ಅರ್ಧ ಹೋಗಿ ಕಾಲು ಭಾಗ ಉಳಿಯುತ್ತದೆ, ಇನ್ನೊಂದು 47 ದಿನಕ್ಕೆ ಎಂಟನೇ ಒಂದು ಭಾಗ. ಐದು ಅರ್ಧಾಯು ಕಳೆದ ಮೇಲೂ ನೂರಕ್ಕೆ ಮೂರು ಪಾಲು ಇದ್ದೇ ಇರುತ್ತದೆ. ಇದರ ಜೊತೆಗೆ ಗ್ಲೈಫೋಸೇಟ್ ಒಡೆದಾಗ ಆಂಪಾ ಎಂಬ ಇನ್ನೊಂದು ವಸ್ತು ಹುಟ್ಟುತ್ತದೆ, ಅದು ಮೂಲ ಔಷಧಿಗಿಂತ ಜಾಸ್ತಿ ಕಾಲ ಉಳಿಯುತ್ತದೆ.

ನಮ್ಮ ಘಟ್ಟದ ಮೇಲಿನ ಮಣ್ಣಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಚಿರೆಕಲ್ಲಿನ ಈ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ನೀವು ಹಾಕಿದ ರಂಜಕದ ಗೊಬ್ಬರ ಗಿಡಕ್ಕೆ ಸಿಗದ ಹಾಗೆ ಹಿಡಿದಿಟ್ಟುಕೊಳ್ಳುವುದೂ ಇವೇ. ಗ್ಲೈಫೋಸೇಟಿನಲ್ಲೂ ರಂಜಕದ ಅಂಶ ಇದೆ, ಅದನ್ನೂ ಇವು ಹಾಗೆಯೇ ಹಿಡಿಯುತ್ತವೆ. ಒಂದು ರೀತಿಯಲ್ಲಿ ಒಳ್ಳೆಯದೇ, ನೀರಿನ ಜೊತೆ ಸುಲಭವಾಗಿ ಕೆಳಗೆ ಇಳಿಯುವುದಿಲ್ಲ. ಆದರೆ ಮಣ್ಣೇ ಕೊಚ್ಚಿಹೋದರೆ? ಹುಲ್ಲೆಲ್ಲ ಸತ್ತು ನೆಲ ಬೋಳಾದ ತೋಟದಲ್ಲಿ ಮೊದಲ ಜೋರು ಮಳೆ ಬಿದ್ದ ಮರುದಿನ ಬಸಿಗಾಲುವೆಯ ಬಾಯಿಯಲ್ಲಿ ನಿಂತು ನೋಡಿ. ಅಂಗೈ ದಪ್ಪಕ್ಕೆ ನುಣ್ಣನೆಯ ಕೆಂಪು ಕೆಸರು ಬಂದು ಕೂತಿರುತ್ತದೆ, ಮೇಲೆ ಒಣ ಹುಲ್ಲಿನ ಬೇರುಗಳು. ಔಷಧಿ ಅಂಟಿಕೊಂಡಿರುವುದು ಅದೇ ನುಣ್ಣನೆಯ ಕಣಗಳಿಗೆ. ತೋಟ ಇರುವುದು ಕಣಿವೆಯ ತಳದಲ್ಲಿ, ಅದರ ಕೆಳಗೆ ಹಳ್ಳ, ಹಳ್ಳದ ಪಕ್ಕ ಯಾರದ್ದೋ ಬಾವಿ. ನನಗೆ ಅರ್ಧಾಯುವಿನ ಅಂಕಿಗಿಂತ ಜಾಸ್ತಿ ಚಿಂತೆ ಇರುವುದು ಈ ಕೆಸರಿನ ಬಗ್ಗೆ.

ಕಾನೂನಿನ ಮಾತನ್ನೂ ನೇರವಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಗ್ಲೈಫೋಸೇಟಿಗೆ ಅನುಮತಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ, ಪರವಾನಗಿ ಇರುವ ಕೀಟ ನಿಯಂತ್ರಣದವರನ್ನು ಬಿಟ್ಟು ಬೇರೆ ಯಾರೂ ಅದನ್ನು ಬಳಸಬಾರದು ಎಂದು ಆದೇಶ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲೇ ಇದನ್ನು ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಬೇರೆ ಕೆಲವು ಸಂಸ್ಥೆಗಳು ಇದನ್ನು ಒಪ್ಪಿಲ್ಲ, ಆ ವಾದ ಇನ್ನೂ ನಡೆದಿದೆ. ಅದು ಏನೇ ಇರಲಿ, ಅಡಿಕೆ ತೋಟಕ್ಕೆ ಹೊಡೆಯಿರಿ ಎಂದು ನಾನು ಬರೆಯುವುದಿಲ್ಲ.

ಆಳಿನ ಸಮಸ್ಯೆ ನನಗೂ ಗೊತ್ತು. ಆದರೂ ಸೊಪ್ಪಿನ ಬೆಟ್ಟ ಇರುವ ನಿಮಗೆ ದರಕು, ಅಂದರೆ ಉದುರಿದ ಒಣ ಎಲೆ, ಇದೆಯಲ್ಲ, ಅದನ್ನೇ ನಾಲ್ಕು ಬೆರಳು ದಪ್ಪಕ್ಕೆ ಹಾಸಿದರೆ ಬೆಳಕು ಸಿಗದೆ ಅರ್ಧಕ್ಕರ್ಧ ಬೀಜ ಏಳುವುದೇ ಇಲ್ಲ. ಉಳಿದದ್ದನ್ನು ಹೂ ಬರುವ ಮೊದಲೇ ಬ್ರಷ್ ಕಟ್ಟರಿನಲ್ಲಿ ಹೊಡೆಸಿ, ಬೇರು ನೆಲದಲ್ಲೇ ಇರಲಿ. ಬೇರು ಇದ್ದರೆ ಮಣ್ಣು ನಿಲ್ಲುತ್ತದೆ. ಎಳೆ ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಬಾಳೆ ಕಂದು ಇರುವಲ್ಲಂತೂ ಗಾಳಿಗೆ ತೂರಿದ ಔಷಧಿಯ ನಾಲ್ಕು ಹನಿಯೂ ಸಾಕು, ಎಲೆ ಸಣ್ಣದಾಗಿ ಮುರುಟಿಕೊಂಡು ಬರುತ್ತದೆ.

ಪ್ರಶ್ನೆ: ನಟ್ಟಿ ಮಾಡಿದ ಮೇಲೆ ಭತ್ತದ ಗದ್ದೆಗೆ ಕಳೆ ಔಷಧಿ ಹಾಕುತ್ತೇವೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಈರುಳ್ಳಿ, ಸ್ವಲ್ಪ ಉದ್ದು. ಹೋದ ವರ್ಷ ಗದ್ದೆಯ ಒಂದು ಮೂಲೆಯಲ್ಲಿ ಈರುಳ್ಳಿ ಸಸಿ ಎದ್ದೇ ಬರಲಿಲ್ಲ. ಔಷಧಿಯ ಕಾರಣ ಇರಬಹುದಾ? (ಕುಮಟಾ)

ಉತ್ತರ: ಇರಬಹುದು. ಯಾವ ಔಷಧಿ ಎಂದು ನೀವು ಬರೆದಿಲ್ಲ, ಹಾಗಾಗಿ ಎರಡು ಬಗೆಯನ್ನೂ ಹೇಳುತ್ತೇನೆ.

ನಟ್ಟಿಯಾಗಿ ಮೂರು ನಾಲ್ಕು ದಿನಕ್ಕೆ ಮರಳಿನಲ್ಲಿ ಬೆರೆಸಿ ಎರಚುವ ಬ್ಯೂಟಾಕ್ಲೋರ್ ಆದರೆ, ಅದರ ಅರ್ಧಾಯು ಎರಡು ವಾರದ ಆಸುಪಾಸು. ಜುಲೈಯಲ್ಲಿ ಹಾಕಿದ್ದು ಡಿಸೆಂಬರಿನ ಈರುಳ್ಳಿಯನ್ನು ಕೊಲ್ಲುವುದಿಲ್ಲ. ಅದರ ತೊಂದರೆ ಬೇರೆ ಕಡೆ. ಬ್ಯೂಟಾಕ್ಲೋರ್ ಮೀನಿಗೆ ಬಹಳ ವಿಷ. ಹಾಕಿದ ಮೇಲೆ ಕೆಲವು ದಿನ ಗದ್ದೆಯ ನೀರು ಹೊರಗೆ ಬಿಡಬಾರದು, ಅಂಚು ಒಡೆದಿದ್ದರೆ ಮೊದಲು ಅದನ್ನು ಕಟ್ಟಿ. ಅಘನಾಶಿನಿಯ ಬಳಚು, ಸೀಗಡಿ, ಮೀನು ನಂಬಿ ಎಷ್ಟು ಮನೆ ನಡೆಯುತ್ತದೆ ಎಂದು ಕುಮಟಾದವರಿಗೆ ನಾನು ಹೇಳಬೇಕಾಗಿಲ್ಲ.

ಎರಡನೆಯದು ಚಿಕ್ಕ ಕೊಟ್ಟೆಯಲ್ಲಿ ಬರುವ ಪುಡಿ, ಎಕರೆಗೆ ಬರೀ 8 ಗ್ರಾಂ. ಅಗಲ ಎಲೆಯ ಕಳೆಗೆ, ಜೇಕಿಗೆ ಹೊಡೆಯುವುದು. ಮೆಟ್‌ಸಲ್ಫ್ಯೂರಾನ್ ಮತ್ತು ಕ್ಲೋರಿಮ್ಯೂರಾನ್ ಸೇರಿದ್ದು. ನನಗೆ ಅನುಮಾನ ಇದರ ಮೇಲೆಯೇ. ಆ 8 ಗ್ರಾಂ ಪುಡಿಯಲ್ಲಿ ನಿಜವಾದ ಔಷಧಿ ಎರಡು ಗ್ರಾಂ ಕೂಡ ಇಲ್ಲ, ಆದರೂ ಇಡೀ ಎಕರೆಯ ಕಳೆ ಸಾಯುತ್ತದೆ. ಅಷ್ಟು ಕಡಿಮೆಯಲ್ಲಿ ಕೆಲಸ ಮಾಡುವ ವಸ್ತು ಮಣ್ಣಿನಲ್ಲಿ ಹದಿನಾರನೇ ಒಂದು ಪಾಲು ಉಳಿದರೂ ಉದ್ದು, ಈರುಳ್ಳಿ, ಸೌತೆಯಂಥ ಸೂಕ್ಷ್ಮ ಬೆಳೆಗೆ ತಟ್ಟಬಹುದು. ಮೆಟ್‌ಸಲ್ಫ್ಯೂರಾನಿನ ಅರ್ಧಾಯು ಸುಮಾರು ಒಂದು ತಿಂಗಳು. ಆಗಸ್ಟಿನಲ್ಲಿ ಹೊಡೆದಿದ್ದರೆ ಡಿಸೆಂಬರಿಗೆ ಹೆಚ್ಚಿನದೆಲ್ಲ ಹೋಗಿರುತ್ತದೆ. ಸೆಪ್ಟೆಂಬರ್ ಕೊನೆಗೆ ಹೊಡೆದಿದ್ದರೆ ಹಾಗೆ ಹೇಳಲಾಗುವುದಿಲ್ಲ.

ಈಗ ಆ ಮೂಲೆ. ಪಂಪು ಹೊತ್ತವರು ಸಾಲು ತಿರುಗಿಸುವುದು ಗದ್ದೆಯ ಮೂಲೆಯಲ್ಲಿ, ಅಲ್ಲಿ ಎರಡು ಸಲ ಬೀಳುತ್ತದೆ. ಟ್ಯಾಂಕಿನಲ್ಲಿ ಉಳಿದದ್ದನ್ನು ಚೆಲ್ಲುವುದೂ ಅಲ್ಲೇ. ಆಮೇಲೆ ಇನ್ನೊಂದು ವಿಷಯ ಕೇಳಬೇಕು: ಆ ಮೂಲೆಗೆ ಸುಣ್ಣ ಹಾಕಿದ್ದಿರಾ? ಚಿಪ್ಪಿನ ಸುಣ್ಣ ನಿಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಈ ಗುಂಪಿನ ಔಷಧಿಗಳು ಹುಳಿ ಮಣ್ಣಿನಲ್ಲಿ ಬೇಗ ಒಡೆಯುತ್ತವೆ, ಸುಣ್ಣ ಬಿದ್ದ ಮಣ್ಣಿನಲ್ಲಿ ನಿಧಾನ. ಸಮುದ್ರದ ಬದಿಯ ಚಿಪ್ಪಿನ ಚೂರು ಬೆರೆತ ಉಸುಕು ಮಣ್ಣಿಗೂ ಇದೇ ಮಾತು. ಸುಣ್ಣ ಹಾಕಬೇಡಿ ಎನ್ನುತ್ತಿಲ್ಲ, ಹುಳಿ ಮಣ್ಣಿಗೆ ಸುಣ್ಣ ಬೇಕು. ಈ ಪುಡಿ ಹೊಡೆದ ವರ್ಷ ಈರುಳ್ಳಿ ಎದ್ದ ಮೇಲೆ ಹಾಕಿ, ಅಥವಾ ಸುಣ್ಣ ಹಾಕುವ ವರ್ಷ ಪುಡಿ ಬಿಡಿ.

ಸತ್ತ ಸಸಿಯನ್ನು ಕಿತ್ತು ನೋಡಿದ್ದರೆ ಗೊತ್ತಾಗುತ್ತಿತ್ತು. ಈ ಔಷಧಿ ತಾಗಿದ ಸಸಿಯ ಬೇರು ಮೊಂಡಾಗಿ ನಿಂತಿರುತ್ತದೆ, ಪಕ್ಕದ ಸಣ್ಣ ಬೇರು ಹೊರಟಿರುವುದಿಲ್ಲ, ಸುಳಿ ಹಳದಿಯಾಗಿ ಅಲ್ಲೇ ಕೂತಿರುತ್ತದೆ. ಕೊಳೆ ರೋಗವಾದರೆ ಬುಡ ಮೆತ್ತಗಾಗಿ ವಾಸನೆ ಬರುತ್ತದೆ. ಮತ್ತೆ ಒಂದು ವಿನಂತಿ, ಈ ಪುಡಿ ಹೊಡೆದ ಪಂಪಿನಲ್ಲಿ ತರಕಾರಿಗೆ ಏನನ್ನೂ ಹೊಡೆಯಬೇಡಿ. ನಳಿಗೆಯಲ್ಲಿ, ರಬ್ಬರ್ ವಾಷರಿನಲ್ಲಿ ಉಳಿದದ್ದೇ ಸಾಕಾಗುತ್ತದೆ. ಕಳೆ ಔಷಧಿಗೆ ಬೇರೆ ಪಂಪೇ ಇಟ್ಟುಕೊಳ್ಳಿ.

ಪ್ರಶ್ನೆ: ತೆಂಗಿನ ಕಟ್ಟೆ, ಅಂಗಳದ ಹುಲ್ಲಿಗೆ ಉಪ್ಪು ಹಾಕುತ್ತೇನೆ. ಇದರಲ್ಲಿ ರಾಸಾಯನಿಕದ ಕಾಟ ಇಲ್ಲವಲ್ಲ? (ಹೊನ್ನಾವರ)

ಉತ್ತರ: ಮಾರುಕಟ್ಟೆಯ ಕಳೆನಾಶಕ ನಿಧಾನಕ್ಕಾದರೂ ಒಡೆಯುತ್ತದೆ, ಉಪ್ಪು ಒಡೆಯುವುದೇ ಇಲ್ಲ. ಅದಕ್ಕೆ ಅರ್ಧಾಯುವೂ ಇಲ್ಲ. ಉಸುಕು ಮಣ್ಣಿನಲ್ಲಿ ಮಳೆ ಅದನ್ನು ಕೆಳಗೆ ಇಳಿಸುತ್ತದೆ, ಇಳಿದದ್ದು ಬಾವಿಗೆ. ಜಿಗುಟು ಮಣ್ಣಿನಲ್ಲಿ ಸೋಡಿಯಂ ಉಳಿದು ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ. ಅಂಗಳದ ಹುಲ್ಲಿಗೆ ಕುದಿಯುವ ನೀರು ಸಾಕು.

ಪ್ರಶ್ನೆ: ಗೋವಿನಜೋಳಕ್ಕೆ ಬಿತ್ತಿದ ಕೂಡಲೇ ಅಟ್ರಾಜಿನ್ ಹೊಡೆದಿದ್ದೆವು. ಜೋಳ ಚೆನ್ನಾಗಿ ಬಂತು. ಕೊಯ್ದ ಮೇಲೆ ಸೌತೆ, ಅಲಸಂದೆ ಹಾಕಬೇಕೆಂದಿದ್ದೇವೆ. ನಾಲ್ಕು ತಿಂಗಳಾಯಿತಲ್ಲ, ಸಾಕಲ್ವಾ? (ಬನವಾಸಿ)

ಉತ್ತರ: ನಾಲ್ಕು ತಿಂಗಳು ಎಂಬ ಲೆಕ್ಕವನ್ನು ಮೊದಲು ಬಿಡಿಸೋಣ. ಅಟ್ರಾಜಿನ್ನಿನ ಅರ್ಧಾಯು ಸುಮಾರು 60 ದಿನ ಎಂದು ಹಿಡಿಯುತ್ತಾರೆ. ಹೆಕ್ಟೇರಿಗೆ 1,000 ಗ್ರಾಂ ಬಿದ್ದಿದ್ದರೆ ಎರಡು ತಿಂಗಳಿಗೆ 500, ನಾಲ್ಕು ತಿಂಗಳಿಗೆ 250 ಗ್ರಾಂ. ಇದು ಗ್ಲೈಫೋಸೇಟಿನ ಹಾಗೆ ಮಣ್ಣಿಗೆ ಅಂಟಿ ಸುಮ್ನೆ ಕೂರುವ ವಸ್ತುವಲ್ಲ, ಬೇರಿನಿಂದಲೇ ಒಳಹೋಗಿ ಕೆಲಸ ಮಾಡುವುದು. ಗೋವಿನಜೋಳಕ್ಕೆ ಅಟ್ರಾಜಿನ್ನನ್ನು ತನ್ನೊಳಗೇ ಒಡೆದು ಹಾಕುವ ಶಕ್ತಿ ಇದೆ. ಸೌತೆಗೆ ಇಲ್ಲ, ಅಲಸಂದೆಗೂ ಇಲ್ಲ. ಅದಕ್ಕೇ ಜೋಳ ಚೆನ್ನಾಗಿ ಬಂತು ಎನ್ನುವುದು ಮುಂದಿನ ಬೆಳೆಗೆ ಭರವಸೆಯಲ್ಲ.

ಇನ್ನು ನಿಮ್ಮ ಪರವಾಗಿ ಇರುವುದನ್ನೂ ಹೇಳಬೇಕು. ಹುಳಿ ಮಣ್ಣು, ಬೆಚ್ಚಗಿನ ಹವೆ, ತೇವ, ಸಾವಯವ ಅಂಶ ಇವೆಲ್ಲ ಇದ್ದಲ್ಲಿ ಅಟ್ರಾಜಿನ್ ಬೇಗ ಒಡೆಯುತ್ತದೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ಇವು ನಿಮಗೆ ಸಿಕ್ಕಿವೆ. ಔಷಧಿಯನ್ನು ಒಡೆಯುವುದು ಬಹುಪಾಲು ಮಣ್ಣಿನ ಸೂಕ್ಷ್ಮಜೀವಿಗಳು, ಅವಕ್ಕೆ ತೇವ ಬೇಕು. ಮಣ್ಣು ಒಣಗಿದರೆ ಅವುಗಳ ಕೆಲಸವೂ ನಿಲ್ಲುತ್ತದೆ. ಹಾಗಾಗಿ ಡಿಸೆಂಬರಿನಿಂದ ಮೇವರೆಗೆ ಒಣಗಿ ಬಿದ್ದಿದ್ದ ಹೊಲದಲ್ಲಿ ಕಳೆದ ಆರು ತಿಂಗಳನ್ನು ಮಳೆಗಾಲದ ಆರು ತಿಂಗಳಿಗೆ ಸಮ ಎಂದು ಎಣಿಸಬೇಡಿ. ಕ್ಯಾಲೆಂಡರಿನಲ್ಲಿ ದಿನ ಕಳೆದಿರುತ್ತದೆ, ಮಣ್ಣಿನಲ್ಲಿ ಔಷಧಿ ಹಾಗೇ ಇರುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವರ್ಷ ಆ ಹೊಲಕ್ಕೆ ಮತ್ತೆ ಗೋವಿನಜೋಳವನ್ನೋ ಮೇವಿನ ಜೋಳವನ್ನೋ ಹಾಕುತ್ತೇನೆ, ಸೌತೆಯನ್ನು ಅಟ್ರಾಜಿನ್ ಕಾಣದ ತುಂಡಿಗೆ ಒಯ್ಯುತ್ತೇನೆ. ಅಲ್ಲೇ ಹಾಕಬೇಕು ಅಂದರೆ ಮುಂದಿನ ಉತ್ತರದಲ್ಲಿ ಹೇಳುವ ಕುಂಡದ ಪರೀಕ್ಷೆ ಮಾಡಿಕೊಳ್ಳಿ. ಅಟ್ರಾಜಿನ್ ತಾಗಿದ ಸೌತೆ ಮೊಳೆಯುವಾಗ ಚೆನ್ನಾಗಿಯೇ ಮೊಳೆಯುತ್ತದೆ, ಎರಡು ಮೂರು ಎಲೆ ಬಂದ ಮೇಲೆ ಹಳೆಯ ಎಲೆಯ ಅಂಚು ಹಳದಿಯಾಗಿ ಸುಟ್ಟ ಹಾಗೆ ಆಗುತ್ತದೆ. ನೀರು ಕಡಿಮೆಯಾಯಿತೆಂದು ಜನ ಇನ್ನಷ್ಟು ನೀರು ಬಿಡುತ್ತಾರೆ. ಅನಾನಸಿಗೆ ಹೊಡೆಯುವ ಡೈಯುರಾನ್ ಇದಕ್ಕಿಂತ ಗಟ್ಟಿ, ಅರ್ಧಾಯು 90 ದಿನದ ಹತ್ತಿರ. ಅನಾನಸು ತೆಗೆದ ನೆಲಕ್ಕೆ ತರಕಾರಿ ಹಾಕುವವರೂ ಇದನ್ನೇ ಗಮನಿಸಿ.

ಪ್ರಶ್ನೆ: ಮಣ್ಣಿನ ಆರೋಗ್ಯ ಕಾರ್ಡ್ ಮಾಡಿಸಿದ್ದೇನೆ. ಅದರಲ್ಲಿ ಔಷಧಿ ಉಳಿದಿದೆಯೋ ಇಲ್ಲವೋ ಎಲ್ಲಿ ನೋಡಬೇಕು? (ಅಂಕೋಲಾ)

ಉತ್ತರ: ಅದರಲ್ಲಿ ಇರುವುದಿಲ್ಲ. ಆ ಕಾರ್ಡಿನಲ್ಲಿ ಬರುವುದು ಸಾರಜನಕ, ರಂಜಕ, ಪೊಟ್ಯಾಷ್, ಕೆಲವು ಲಘು ಪೋಷಕಾಂಶ, ಹುಳಿ ಎಷ್ಟು, ಉಪ್ಪು ಎಷ್ಟು, ಸಾವಯವ ಇಂಗಾಲ ಎಷ್ಟು, ಹೀಗೆ ಹನ್ನೆರಡು ಅಂಶ. ಔಷಧಿ ಉಳಿಕೆ ನೋಡಲು ಬೇರೆಯೇ ಪ್ರಯೋಗಾಲಯ ಬೇಕು, ಖರ್ಚೂ ಜಾಸ್ತಿ. ಆದರೆ ಬಿತ್ತಬಹುದೋ ಇಲ್ಲವೋ ಎಂದು ತಿಳಿಯಲು ಮನೆಯಲ್ಲೇ ಮಾಡುವ ಪರೀಕ್ಷೆ ಸಾಕು.

ಅನುಮಾನ ಇರುವ ಗದ್ದೆಯ ಏಳೆಂಟು ಕಡೆಯಿಂದ ಮೇಲಿನ ಗೇಣುದ್ದದ ಮಣ್ಣು ತೆಗೆಯಿರಿ. ತಿರುವು, ಮೂಲೆ, ಪಂಪು ತುಂಬಿಸಿದ ಜಾಗ ಇವುಗಳ ಮಣ್ಣನ್ನು ಬೇರೆಯಾಗಿಯೇ ಇಡಿ, ಎಲ್ಲ ಕಲಸಿದರೆ ಕೆಟ್ಟ ಜಾಗ ಮರೆಯಾಗುತ್ತದೆ. ಔಷಧಿ ಎಂದೂ ಬೀಳದ ಜಾಗದಿಂದ ಅದೇ ಬಗೆಯ ಮಣ್ಣು ಇನ್ನೊಂದು ಬುಟ್ಟಿ. ಎರಡನ್ನೂ ತೂತು ಮಾಡಿದ ಹಾಲಿನ ಕೊಟ್ಟೆಗಳಿಗೋ ತೆಂಗಿನ ಗರಟೆಗಳಿಗೋ ತುಂಬಿ. ಗೊಬ್ಬರ ಬೆರೆಸಬೇಡಿ. ಒಂದೊಂದರಲ್ಲಿ ಸಾಸಿವೆ, ಸೌತೆ, ಹೆಸರು, ಜೊತೆಗೆ ನೀವು ನಿಜವಾಗಿ ಬೆಳೆಯಬೇಕೆಂದಿರುವ ಬೀಜ. ಬಿಸಿಲು ಬೀಳುವಲ್ಲೇ ಇಡಬೇಕು, ಏಕೆಂದರೆ ಅಟ್ರಾಜಿನ್ನಿನಂಥವು ಬೆಳಕಿದ್ದಾಗಲೇ ಪೆಟ್ಟು ತೋರಿಸುವುದು. ಬೀಜ ಮೊಳೆಯಿತೆಂದು ನಿಲ್ಲಿಸಬೇಡಿ, ಮೂರು ವಾರ ಬಿಡಿ. ಆಮೇಲೆ ನೀರಿನಲ್ಲಿ ನೆನೆಸಿ ಸಸಿಯನ್ನು ಮೆಲ್ಲಗೆ ಬಿಡಿಸಿ, ಎರಡೂ ಮಣ್ಣಿನ ಸಸಿಗಳ ಬೇರನ್ನು ಬಿಳಿ ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಎಲೆ ನೋಡಿ ತಿಳಿಯದ ವ್ಯತ್ಯಾಸ ಬೇರಿನಲ್ಲಿ ಕಾಣುತ್ತದೆ. ಅನುಮಾನವಾದರೆ ಆ ಸಸಿಗಳನ್ನೇ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

ಈ ಪರೀಕ್ಷೆ ತೋರಿಸುವುದು ಗಿಡಕ್ಕೆ ಸಿಗುವ ಔಷಧಿಯನ್ನು ಮಾತ್ರ. ಮಣ್ಣಿಗೆ ಅಂಟಿ ಕೂತ ಗ್ಲೈಫೋಸೇಟ್ ಇದರಲ್ಲಿ ಕಾಣುವುದಿಲ್ಲ. ಸಸಿ ಚೆನ್ನಾಗಿ ಬಂತು ಅಂದರೆ ಬಿತ್ತಬಹುದು ಎಂದಷ್ಟೇ ಅರ್ಥ, ಮಣ್ಣಿನಲ್ಲಿ ಏನೂ ಇಲ್ಲ ಎಂದಲ್ಲ.

ಪ್ರಶ್ನೆ: ನಮ್ಮಲ್ಲಿ ಇಷ್ಟು ಮಳೆ ಬೀಳುತ್ತದೆ. ಎಲ್ಲ ತೊಳೆದು ಹೋಗುವುದಿಲ್ಲವಾ? (ಕಾರವಾರ)

ಉತ್ತರ: ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಈ ಪ್ರಶ್ನೆ ಬರುವುದು ಸಹಜ. ಗದ್ದೆಯಿಂದ ಹೋಗುತ್ತದೆ, ನಿಜ. ಅಟ್ರಾಜಿನ್, 2,4-ಡಿ ಇಂಥವು ನೀರಿನ ಜೊತೆ ಸುಲಭವಾಗಿ ಸಾಗುತ್ತವೆ. 2,4-ಡಿ ಹತ್ತು ದಿನದಲ್ಲಿ ಅರ್ಧ ಒಡೆಯುವುದರಿಂದ ಅಷ್ಟು ದೂರ ಹೋಗುವುದಿಲ್ಲ. ಅಟ್ರಾಜಿನ್ ಹೋಗುತ್ತದೆ. ಅಂತರ್ಜಲದಲ್ಲಿ ಸಿಗತೊಡಗಿತೆಂದೇ ಯುರೋಪಿಯನ್ ಒಕ್ಕೂಟ 2004ರಲ್ಲಿ ಅದಕ್ಕೆ ಅನುಮತಿ ನಿರಾಕರಿಸಿತು. ಕರಾವಳಿಯ ಉಸುಕು ಮಣ್ಣಿನಲ್ಲಿ ಜೇಡಿಯೂ ಕಡಿಮೆ, ಸಾವಯವ ಅಂಶವೂ ಕಡಿಮೆ, ಹಿಡಿದು ನಿಲ್ಲಿಸುವವರಿಲ್ಲ. ಬಾವಿಯ ನೀರು ಹತ್ತು ಹದಿನೈದು ಅಡಿಗೇ ಇರುತ್ತದೆ. ಮಳೆ ಬಂದು ಗದ್ದೆ ಶುದ್ಧವಾಯಿತು ಎಂದು ನೆಮ್ಮದಿ ಪಡುವ ಮೊದಲು ಬಾವಿ ಗದ್ದೆಗಿಂತ ಎಷ್ಟು ಕೆಳಗಿದೆ ನೋಡಿ. ಬಾವಿಯ ಸುತ್ತ, ಹಳ್ಳದ ದಂಡೆಯಲ್ಲಿ ಹತ್ತಿಪ್ಪತ್ತು ಮಾರು ಜಾಗಕ್ಕೆ ಔಷಧಿ ಬೇಡವೇ ಬೇಡ. ಮೋಡ ಕವಿದಿದ್ದರೆ ಆ ದಿನ ಪಂಪು ಎತ್ತಬೇಡಿ.

ಪ್ರಶ್ನೆ: ಒಂದೇ ದಿನದಲ್ಲಿ ಹುಲ್ಲು ಸುಡುವ ಔಷಧಿ, ಪ್ಯಾರಾಕ್ವಾಟ್, ಅದು ಮಣ್ಣಿನಲ್ಲಿ ಉಳಿಯುವುದಿಲ್ಲವಂತೆ? (ಕಾರವಾರ)

ಉತ್ತರ: ಉಳಿಯುತ್ತದೆ, ವರ್ಷಗಟ್ಟಲೆ. ಜೇಡಿಗೆ ಎಷ್ಟು ಬಿಗಿಯಾಗಿ ಅಂಟುತ್ತದೆಂದರೆ ಸೂಕ್ಷ್ಮಜೀವಿಗೂ ಸಿಗುವುದಿಲ್ಲ, ಬೇರಿಗೂ ಸಿಗುವುದಿಲ್ಲ, ಅದರ ಅರ್ಧಾಯುವನ್ನು ಸಾವಿರ ದಿನ ಎಂದು ಬರೆಯುತ್ತಾರೆ. ಮುಂದಿನ ಬೆಳೆಗೆ ತೊಂದರೆ ಇಲ್ಲ ಎನ್ನುವುದು ಸರಿ. ಆದರೆ ಈ ಔಷಧಿಯ ವಿಷಯದಲ್ಲಿ ಮಣ್ಣಿನ ಮಾತು ಆಮೇಲೆ, ಮೊದಲು ಮನುಷ್ಯರ ಮಾತು. ಒಂದೆರಡು ಗುಟುಕು ಒಳಗೆ ಹೋದರೆ ಶ್ವಾಸಕೋಶ ಹಾಳಾಗುತ್ತದೆ, ಇದಕ್ಕೆ ಪ್ರತಿವಿಷ ಇಲ್ಲ. ಕೇರಳ 2011ರಲ್ಲಿ ಇದನ್ನು ನಿಷೇಧಿಸಿತು, ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ ಇಲ್ಲ. ಮನೆಯಲ್ಲಿ ಇದ್ದರೆ ನೀರಿನ ಬಾಟಲಿಗೋ ತಂಪು ಪಾನೀಯದ ಬಾಟಲಿಗೋ ಸುರಿದು ಇಡಬೇಡಿ, ಮೂಲ ಡಬ್ಬದಲ್ಲೇ ಬೀಗ ಹಾಕಿಡಿ. ಹೊಸದಾಗಿ ತರುವುದೇ ಬೇಡ ಎಂಬುದು ನನ್ನ ಮಾತು.

ಪ್ರಶ್ನೆ: ಔಷಧಿ ಹೊಡೆದ ಹುಲ್ಲನ್ನು ಗೊಬ್ಬರದ ಗುಂಡಿಗೆ ಹಾಕಬಹುದಾ? ದನಕ್ಕೆ? (ಶಿರಸಿ)

ಉತ್ತರ: ದನಕ್ಕೆ ಬೇಡ. ಗುಂಡಿಗೆ ಹಾಕುವುದಾದರೆ ಯಾವ ಔಷಧಿ ಎಂಬುದು ಮುಖ್ಯ. 2,4-ಡಿ ಚೆನ್ನಾಗಿ ಕಾದು ಕೊಳೆತ ಗೊಬ್ಬರದಲ್ಲಿ ಒಡೆಯುತ್ತದೆ. ಆದರೆ ಎಲ್ಲವೂ ಹಾಗಲ್ಲ. ಬ್ರಿಟನ್ನಿನಲ್ಲಿ ಹುಲ್ಲುಗಾವಲಿಗೆ ಹೊಡೆದ ಅಮಿನೋಪೈರಾಲಿಡ್ ಎಂಬುದು ದನದ ಹೊಟ್ಟೆಯನ್ನೂ ದಾಟಿ, ಸಗಣಿಯಲ್ಲಿ ಬಂದು, ಗೊಬ್ಬರ ಹಾಕಿದವರ ಟೊಮೆಟೊ, ಆಲೂಗಡ್ಡೆ, ಅವರೆಯನ್ನು ಕೆಡಿಸಿತು. 2008ರಲ್ಲಿ ಅಲ್ಲಿ ಅದರ ಮಾರಾಟವನ್ನೇ ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ನೀವು ಹೊರಗಿನಿಂದ ಗೊಬ್ಬರ, ಒಣಹುಲ್ಲು ಕೊಳ್ಳುವವರಾದರೆ ಅದಕ್ಕೂ ಮೇಲಿನ ಪರೀಕ್ಷೆಯನ್ನೇ ಮಾಡಿ: ಎರಡು ಪಾಲು ಗೊಬ್ಬರಕ್ಕೆ ಒಂದು ಪಾಲು ಒಳ್ಳೆಯ ಮಣ್ಣು ಸೇರಿಸಿ ಅಲಸಂದೆ ಹಾಕಿ. ಮೂರು ವಾರದಲ್ಲಿ ಹೊಸ ಎಲೆ ಬಟ್ಟಲಿನ ಹಾಗೆ ಮುದುಡಿ, ದಂಟು ತಿರುಚಿಕೊಂಡರೆ ಆ ಗೊಬ್ಬರ ತರಕಾರಿಗೆ ಬೇಡ. ಭತ್ತಕ್ಕೋ ಗೋವಿನಜೋಳಕ್ಕೋ ಹಾಕಿ, ಹುಲ್ಲಿನ ಜಾತಿಯ ಬೆಳೆಗಳು ಅದನ್ನು ತಡೆದುಕೊಳ್ಳುತ್ತವೆ.